ಪಾಠ ಟಿಪ್ಪಣಿಯ ಕೊನೆಯ ಕಾಲಂ: ಸ್ವಾವಲೋಕನದಿಂದ ಶಿಕ್ಷಕರ ವೃತ್ತಿ ಸಾಮರ್ಥ್ಯ ನಿಜಕ್ಕೂ ಬೆಳೆಯುತ್ತದೆಯೇ?

ಸೀಮೆಸುಣ್ಣ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿರುವ ನನಗೆ ಇದು ಹತ್ತೊಂಬತ್ತನೆಯ ವರ್ಷ. ಪಾಠ ಟಿಪ್ಪಣಿಯ ಕೊನೆಯಲ್ಲಿ 'ಶಿಕ್ಷಕರ ಸ್ವಾವಲೋಕನ' ಎಂಬ ಕಾಲಂ ಇರುವುದು ಇಲ್ಲಿರುವ ಬಹುಪಾಲು ಜನರಿಗೆ ಗೊತ್ತು. ಅದರಲ್ಲಿ ನಾನು ವರ್ಷಾನುಗಟ್ಟಲೆ ಬರೆದದ್ದು ಮೂರೇ ವಾಕ್ಯ: 'ಪಾಠ ಯಶಸ್ವಿಯಾಯಿತು', 'ಮಕ್ಕಳು ಸಕ್ರಿಯವಾಗಿ ಪಾಲ್ಗೊಂಡರು', 'ನಿಧಾನ ಕಲಿಕೆಯ ಮಕ್ಕಳಿಗೆ ಪರಿಹಾರ ಬೋಧನೆಯ ಅಗತ್ಯವಿದೆ'. ತಿಂಗಳ ಕೊನೆಯಲ್ಲಿ ಒಂದೇ ಪಟ್ಟಿಗೆ ಕುಳಿತು ಎಂಟು ಹತ್ತು ಪಾಠಗಳ ಕಾಲಂ ತುಂಬಿಸಿದ್ದೂ ಉಂಟು. ಮುಖ್ಯ ಶಿಕ್ಷಕರು ಸಹಿ ಹಾಕುತ್ತಿದ್ದರು. ನನಗೆ ಅದರಿಂದ ಬೇಸರವೂ ಆಗುತ್ತಿರಲಿಲ್ಲ, ಅಳುಕೂ ಆಗುತ್ತಿರಲಿಲ್ಲ.

ಈ ವರ್ಷ ಐದನೆಯ ತರಗತಿಯಲ್ಲಿ ಭಿನ್ನರಾಶಿ ಮುಗಿಸಿದ ಮೇಲೆ, ಉಕ್ತಲೇಖನ ಕೊಡುವ ಹಾಗೆ ನಾನು ಹೇಳುತ್ತಾ ಹೋದ ಸಂಖ್ಯೆಗಳನ್ನು ಮಕ್ಕಳು ಬರೆಯಬೇಕಿತ್ತು. 'ಮೂರನೇ ಎರಡು' ಎಂದಾಗ 28 ಮಕ್ಕಳಲ್ಲಿ 11 ಮಂದಿ 2/3ರ ಬದಲು 3/2 ಎಂದು ಬರೆದರು. ಇದು ಹೊಸತೇನಲ್ಲ; ಪ್ರತಿ ವರ್ಷವೂ ನೋಡಿದ್ದೇನೆ, ಪ್ರತಿ ವರ್ಷವೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ 'ಗಮನವಿಟ್ಟು ಬರೆ' ಎಂದು ಬರೆದು ಮುಂದೆ ಹೋಗಿದ್ದೇನೆ. ಆ ದಿನ ಸಂಜೆ ಮಳೆ ಹಿಡಿದುಕೊಂಡು ಬಸ್ಸು ತಡವಾಯಿತು. ಬೇರೆ ಕೆಲಸವಿಲ್ಲದೆ ಆ ಹನ್ನೊಂದು ಪುಸ್ತಕಗಳನ್ನು ಪಕ್ಕಪಕ್ಕಕ್ಕೆ ಹರಡಿಕೊಂಡು ಕುಳಿತೆ. ಹನ್ನೊಂದು ಮಂದಿಯ ಗಮನವೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ತಪ್ಪುವುದು ಹೇಗೆ ಎಂಬ ಅನುಮಾನ ಆಗ ಮೊದಲ ಬಾರಿಗೆ ಬಂತು. 'ಮೂರನೇ ಎರಡು' ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಕಿವಿಗೆ ಮೊದಲು ಬೀಳುವುದು ಮೂರು. ಕೈ ಬರೆಯಲು ಶುರು ಮಾಡುವುದು ಮೇಲಿನಿಂದ. ಮಕ್ಕಳು ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಬರೆದಿದ್ದರು. ಬಾಯಲ್ಲಿ 'ಮೂರನೇ ಎರಡು' ಎನ್ನುತ್ತಾ ಕೈಯಲ್ಲಿ ಮೊದಲು ಎರಡನ್ನು ಬರೆಯುತ್ತಿದ್ದವಳು ಕಪ್ಪು ಹಲಗೆಯ ಮುಂದೆ ನಿಂತಿದ್ದ ನಾನು. ಹತ್ತೊಂಬತ್ತು ವರ್ಷ ನನ್ನ ಬಾಯಿ ಒಂದು ದಾರಿ, ಕೈ ಇನ್ನೊಂದು ದಾರಿ ಹಿಡಿದದ್ದು ನನಗೇ ಕಂಡಿರಲಿಲ್ಲ.

ಪ್ರಶ್ನೆ ಇಷ್ಟೇ. ತರಬೇತಿಗಳಲ್ಲಿ 'ಪ್ರತಿಫಲನಾತ್ಮಕ ಶಿಕ್ಷಕ', ಅಂದರೆ ತನ್ನ ಪಾಠವನ್ನು ತಾನೇ ಹಿಂದಿರುಗಿ ನೋಡಿ ತಿದ್ದಿಕೊಳ್ಳುವ ಶಿಕ್ಷಕ, ಎಂದು ಹೇಳುವುದು ಇದನ್ನೇಯೇ? ಹೌದಾದರೆ, ಅದು ಆ ಕಾಲಂನಲ್ಲಿ ನಡೆಯದೆ ಬಸ್ಸು ತಡವಾದ ಸಂಜೆಯೇ ಏಕೆ ನಡೆಯಿತು?

ಹಳೇ ಹಾಜರಿ ಪುಸ್ತಕ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಬಸ್ಸು ತಡವಾಯಿತು, ಹಾಗಾಗಿ ನಿಮಗೆ ಅರ್ಧ ಗಂಟೆ ಸಿಕ್ಕಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ತೆರೆದು ನೋಡಿ. ಶಿಕ್ಷಕರ ಕೆಲಸ ವಾರಕ್ಕೆ ಕನಿಷ್ಠ 45 ಗಂಟೆ ಎಂದಿದೆ, ಮತ್ತು ಆ 45 ಗಂಟೆಯೊಳಗೆ ಪಾಠದ ಸಿದ್ಧತೆಯ ಅವಧಿಯೂ ಸೇರಿದೆ ಎಂದು ಸ್ಪಷ್ಟವಾಗಿ ಬರೆದಿದೆ. ಅಂದರೆ ಪಾಠ ಮಾಡದೆ ಕುಳಿತು ಯೋಚಿಸುವುದೂ ಕೆಲಸವೇ ಎಂದು ಕಾನೂನು ಒಪ್ಪಿಕೊಂಡಿದೆ. ನಮ್ಮ ಶಾಲೆಯಲ್ಲಿ ಆ ಅವಧಿಯನ್ನು ಬಿಸಿಯೂಟದ ಲೆಕ್ಕ, ಹಾಲು ಮತ್ತು ಮೊಟ್ಟೆಯ ವಹಿ, ಮಕ್ಕಳ ಮಾಹಿತಿ ತುಂಬಿಸುವ ಸ್ಯಾಟ್ಸ್ ತಂತ್ರಾಂಶದ ನಮೂದು, 'ಇಂದೇ ಸಂಜೆಯೊಳಗೆ' ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬೀಳುವ ಮಾಹಿತಿ ನಮೂನೆಗಳು ಹಂಚಿಕೊಂಡು ತಿನ್ನುತ್ತವೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಬೋಧಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ಅದೇ ಕಾಯ್ದೆಯ 27ನೆಯ ಪ್ರಕರಣ ಹೇಳುತ್ತದೆ. ಓದಲು ಚೆನ್ನಾಗಿದೆ. ಸಮಯ ಕೊಡದೆ ಕಾಲಂ ಕೊಟ್ಟರೆ ಶಿಕ್ಷಕರು ಕಾಲಂ ತುಂಬಿಸುತ್ತಾರೆ, ಅಷ್ಟೇ.

ಅಡಿಟಿಪ್ಪಣಿ

ಶಿಕ್ಷಕರ ತರಬೇತಿಯಲ್ಲೇ ಬಹುಕಾಲ ಕಳೆದು ನಿವೃತ್ತನಾದವನು ನಾನು. ಸೀಮೆಸುಣ್ಣ ಅವರ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೌದು, ಇದನ್ನೇ.

ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲೇ ಈ ಬಗೆಯ ಚಿಂತನೆಯ ಹುಟ್ಟನ್ನು ವಿವರಿಸಿದ್ದ. ಎಲ್ಲವೂ ಸರಾಗವಾಗಿ ಸಾಗುತ್ತಿರುವಾಗ ಮನುಷ್ಯ ಚಿಂತಿಸುವುದಿಲ್ಲ. ದಾರಿಯಲ್ಲಿ ಒಂದು ತೊಡಕು, ಒಂದು ಗೊಂದಲ ಎದುರಾದಾಗ, ಅದನ್ನು ಆತುರದಿಂದ ಮುಚ್ಚಿಹಾಕದೆ ಸ್ವಲ್ಪ ಹೊತ್ತು ತಡೆದುಕೊಂಡು ಅದರ ಕಾರಣ ಹುಡುಕುವವನು ಮಾತ್ರ ಚಿಂತಿಸುತ್ತಾನೆ ಎಂಬುದು ಅವನ ವಾದದ ತಿರುಳು. 'ಪಾಠ ಯಶಸ್ವಿಯಾಯಿತು' ಎಂಬ ವಾಕ್ಯದಲ್ಲಿ ತೊಡಕೇ ಇಲ್ಲ, ಹಾಗಾಗಿ ಚಿಂತನೆಯೂ ಇಲ್ಲ. ಹನ್ನೊಂದು ಪುಸ್ತಕಗಳಲ್ಲಿ ತೊಡಕಿತ್ತು. ಮುಂದೆ 1983ರಲ್ಲಿ ಡೊನಾಲ್ಡ್ ಶೋನ್ ಎಂಬಾತ, ಕೆಲಸ ಮುಗಿದ ಮೇಲೆ ಅದರ ಬಗ್ಗೆ ಯೋಚಿಸುವುದು ಬೇರೆ, ಕೆಲಸದ ನಡುವೆಯೇ ಯೋಚಿಸಿ ಕೈಯ ದಿಕ್ಕು ಬದಲಿಸುವುದು ಬೇರೆ ಎಂದು ಬಿಡಿಸಿ ತೋರಿಸಿದ. ಅನುಭವಿ ಶಿಕ್ಷಕಿಯೊಬ್ಬರು ಪಾಠದ ಮಧ್ಯೆ ಮಕ್ಕಳ ಮುಖ ನೋಡಿ ಉದಾಹರಣೆಯನ್ನು ಥಟ್ಟನೆ ಬದಲಿಸುತ್ತಾರಲ್ಲ, ಅದು ಎರಡನೆಯದು. ಅದನ್ನು ನೇರವಾಗಿ ಹೇಳಿಕೊಡಲು ಬರುವುದಿಲ್ಲ. ಮೊದಲನೆಯದನ್ನು ವರ್ಷಗಟ್ಟಲೆ ಮಾಡಿದವರಿಗೆ ಅದು ಒಲಿಯುತ್ತದೆ ಎಂಬುದು ನಾನು ನೂರಾರು ತರಗತಿಗಳ ಹಿಂದಿನ ಸಾಲಿನಲ್ಲಿ ಕುಳಿತು ಕಂಡುಕೊಂಡದ್ದು.

ಇಲ್ಲೊಂದು ಪದದ ತಕರಾರನ್ನೂ ಹೇಳಿಬಿಡುತ್ತೇನೆ. 'ಪ್ರತಿಫಲನ' ಎಂಬ ಪದ ವಿಜ್ಞಾನದ ಪುಸ್ತಕದಿಂದ ಬಂದದ್ದು. ಕನ್ನಡಿ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ತಾನು ಮಾತ್ರ ಬದಲಾಗುವುದಿಲ್ಲ. ನಮಗೆ ಬೇಕಾದದ್ದು ಅದಲ್ಲ. 'ಸಿಂಹಾವಲೋಕನ' ಕೊಂಚ ಹತ್ತಿರ: ಸಿಂಹ ನಡೆಯುತ್ತಾ ನಿಂತು ಹಿಂದಿರುಗಿ ನೋಡುತ್ತದೆ, ಮತ್ತೆ ಮುಂದೆ ನಡೆಯುತ್ತದೆ. ಆದರೆ ಅದು ಈಗ ವಾರ್ಷಿಕ ವರದಿಗಳ ಪದವಾಗಿಬಿಟ್ಟಿದೆ. ನನಗೆ ಒಪ್ಪುವುದು 'ಮೆಲುಕು'. ಅವಸರದಲ್ಲಿ ಮೇಯ್ದದ್ದನ್ನು ಹಸು ನೆರಳಿನಲ್ಲಿ ಮಲಗಿ ಮತ್ತೆ ಬಾಯಿಗೆ ತಂದುಕೊಂಡು ಅರೆಯುತ್ತದೆ, ಇಲ್ಲವಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಆ ಪದವನ್ನು ನಾವು ಹಳೆಯ ನೆನಪುಗಳ ಸವಿಗೆ ಮೀಸಲಿಟ್ಟು ಅದರ ಕೆಲಸವನ್ನು ಮರೆತಿದ್ದೇವೆ.

ಕೊನೆಯ ಬೆಂಚು

ಮೆಲುಕು ಹಾಕಲು ಹೊಟ್ಟೆಯಲ್ಲಿ ಮೇವು ಇರಬೇಕಲ್ಲವೇ, ಸರ್? ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ, ಅದಕ್ಕೆ ಸಾಕ್ಷಿ ನಾನೇ.

ನಾನು ವಿಜ್ಞಾನ ಕಲಿಸುತ್ತೇನೆ. ಹಲವು ವರ್ಷ ಚಂದ್ರನ ಕಲೆಗಳನ್ನು ಭೂಮಿಯ ನೆರಳಿನಿಂದ ಉಂಟಾಗುವಂಥವು ಎಂದೇ ಕಲಿಸಿದೆ. ಟಾರ್ಚು, ಚೆಂಡು ಎಲ್ಲ ಹಿಡಿದು ಪ್ರಾತ್ಯಕ್ಷಿಕೆ ಮಾಡಿದೆ. ಪಾಠದ ನಂತರ ಪ್ರಾಮಾಣಿಕವಾಗಿಯೇ ಅವಲೋಕನ ಬರೆಯುತ್ತಿದ್ದೆ: ಕೊಠಡಿ ಇನ್ನಷ್ಟು ಕತ್ತಲಾಗಿರಬೇಕಿತ್ತು, ಹಿಂದಿನ ಮಕ್ಕಳಿಗೆ ಕಾಣಲಿಲ್ಲ, ಮುಂದಿನ ಸಲ ದೊಡ್ಡ ಚೆಂಡು ತರಬೇಕು. ಪ್ರತಿ ವರ್ಷ ಪಾಠ ಸುಧಾರಿಸುತ್ತಾ ಹೋಯಿತು, ತಪ್ಪು ಇನ್ನಷ್ಟು ಚೆನ್ನಾಗಿ ಕಲಿಸಲ್ಪಟ್ಟಿತು. ಕೊನೆಗೆ ಒಂದು ದಿನ ಬೆಳಗಿನ ಪ್ರಾರ್ಥನೆ ಮುಗಿದು ಸಾಲು ಚದುರುವಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಪಡುವಣ ಆಕಾಶಕ್ಕೆ ಬೆರಳು ತೋರಿಸಿದಳು. ಅಲ್ಲಿ ಕೃಷ್ಣಪಕ್ಷದ ಅಷ್ಟಮಿಯ ಅರ್ಧ ಚಂದ್ರ ಬಿಳಿಚಿಕೊಂಡು ನಿಂತಿದ್ದ. ಮೂಡಣದಲ್ಲಿ ಸೂರ್ಯ ಮೇಲೇರಿದ್ದ. 'ಸರ್, ಸೂರ್ಯ ಆ ಕಡೆ, ಚಂದ್ರ ಈ ಕಡೆ, ಎರಡೂ ಕಾಣ್ತಿವೆ. ಭೂಮಿ ನೆರಳು ಮಧ್ಯ ಎಲ್ಲಿಂದ ಬಂತು?' ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಓದಿ ತಿಳಿದುಕೊಂಡೆ: ನೆರಳು ಬೀಳುವುದು ಗ್ರಹಣದಲ್ಲಿ ಮಾತ್ರ, ಸೂರ್ಯನ ಬೆಳಕು ಬಿದ್ದಿರುವ ಚಂದ್ರನ ಅರ್ಧಭಾಗದಲ್ಲಿ ನಮಗೆ ಎಷ್ಟು ಕಾಣುತ್ತದೆ ಎಂಬುದೇ ಕಲೆ.

ಹಾಗಾಗಿ ಸ್ವಾವಲೋಕನವನ್ನು ಸರ್ವರೋಗಕ್ಕೂ ಮದ್ದು ಮಾಡಬೇಡಿ. ವಿಷಯಜ್ಞಾನದಲ್ಲೇ ತೂತಿದ್ದರೆ, ಆ ತೂತಿನೊಳಗಿಂದ ಎಷ್ಟು ನೋಡಿಕೊಂಡರೂ ಅದು ಕಾಣುವುದಿಲ್ಲ.

ಅಡಿಟಿಪ್ಪಣಿ

ಒಪ್ಪಿದೆ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1987ರಲ್ಲಿ ಬೋಧನೆಯ ಹಿಂದಿನ ವಿಚಾರಕ್ರಮವನ್ನು ಹಂತಗಳಾಗಿ ಬಿಡಿಸಿದಾಗ, ಮೊದಲ ಹಂತವಾಗಿ ಇಟ್ಟದ್ದು ವಿಷಯದ ಗ್ರಹಿಕೆಯನ್ನೇ. ಅದನ್ನು ಮಕ್ಕಳಿಗೆ ಎಟಕುವ ರೂಪಕ್ಕೆ ತರುವುದು, ಬೋಧಿಸುವುದು, ಮೌಲ್ಯಮಾಪನ ಮಾಡುವುದು, ಆಮೇಲೆ ಅವಲೋಕನ. ಅಲ್ಲಿಗೂ ಮುಗಿಯುವುದಿಲ್ಲ; ಅವಲೋಕನದ ನಂತರ 'ಹೊಸ ಗ್ರಹಿಕೆ' ಎಂಬ ಹಂತವಿದೆ. ನಿಮ್ಮ ಟಿಪ್ಪಣಿಗಳು ಕೊಠಡಿಯ ಕತ್ತಲನ್ನೂ ಚೆಂಡಿನ ಗಾತ್ರವನ್ನೂ ನೋಡಿದವು, ವಿಷಯವನ್ನು ಮತ್ತೆ ಮುಟ್ಟಲಿಲ್ಲ. ಆದರೆ ಒಂದು ಮಾತು. ಆ ಹುಡುಗಿಯ ಪ್ರಶ್ನೆಯನ್ನು 'ಸಾಲಿನಲ್ಲಿ ನಡಿ' ಎಂದು ಗದರಿಸಿ ಕಳುಹಿಸಬಹುದಿತ್ತು. ನೀವು ರಾತ್ರಿ ಕುಳಿತು ಓದಿದಿರಿ. ಅದೂ ಈ ಚರ್ಚೆಯ ವಿಷಯವೇ ಅಲ್ಲವೇ?

ಗುಡ್ಡದ ಶಾಲೆ

ನಾನು ಏಕೋಪಾಧ್ಯಾಯ ಶಾಲೆಯವನು. ಒಂದರಿಂದ ಐದರವರೆಗೆ 14 ಮಕ್ಕಳು, ನಾನೊಬ್ಬ. ನನ್ನ ಪಾಠವನ್ನು ನೋಡಿ ಹೇಳಲು ಅಡುಗೆಯವರ ಹೊರತು ದೊಡ್ಡವರು ಯಾರೂ ಇಲ್ಲ.

ಒಂದು ಸಲ ಮೊಬೈಲಿನ ಧ್ವನಿಮುದ್ರಣ ಚಾಲೂ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಲವತ್ತು ನಿಮಿಷ ಪಾಠ ಮಾಡಿದೆ. ರಾತ್ರಿ ಕೇಳಿಸಿಕೊಂಡಾಗ ಹತ್ತು ನಿಮಿಷಕ್ಕೇ ನಿಲ್ಲಿಸಬೇಕೆನ್ನಿಸಿತು. 'ಅರ್ಥ ಆಯ್ತಾ?' ಎಂದು ನಾನು 31 ಬಾರಿ ಕೇಳಿದ್ದೆ. 31 ಬಾರಿಯೂ 'ಆಯ್ತು ಸಾ...ರ್' ಎಂಬ ರಾಗದ ಕೋರಸ್ ಬಂದಿತ್ತು. ಆ ರಾಗದಲ್ಲಿ ದನಿಗೂಡಿಸಲು ಪಾಠ ಅರ್ಥವಾಗಿರಬೇಕಾದ ಅಗತ್ಯವೇ ಇಲ್ಲ ಎಂಬುದು ಆಗ ಹೊಳೆಯಿತು. ಅದಕ್ಕಿಂತ ನಾಚಿಕೆಯಾದದ್ದು ಇನ್ನೊಂದಕ್ಕೆ. ಪ್ರಶ್ನೆ ಕೇಳಿದ ಮೇಲೆ ನಾನು ಕಾಯುತ್ತಲೇ ಇರಲಿಲ್ಲ. ಒಂದು ಉಸಿರಿನಷ್ಟು ಮೌನವಾದರೆ ಸಾಕು, ಉತ್ತರವನ್ನು ನಾನೇ ಅರ್ಧ ಹೇಳಿ ಮಕ್ಕಳಿಂದ ಉಳಿದರ್ಧ ಹೇಳಿಸುತ್ತಿದ್ದೆ. ಆಮೇಲೆ ತಿಳಿಯಿತು, ಇದು ನನ್ನೊಬ್ಬನ ರೋಗವಲ್ಲ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಅಮೆರಿಕದ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ, ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗಿ, ಹೆಚ್ಚು ಮಕ್ಕಳಿಂದ ಬರುತ್ತವೆಂದೂ ತೋರಿಸಿದ್ದಾರೆ. ಮೂರು ಸೆಕೆಂಡು ಕೇಳಲು ಸಣ್ಣದು. ತರಗತಿಯ ಮುಂದೆ ನಿಂತು ಕಾದು ನೋಡಿ, ಸಂತೆಯ ದಿನ ಬಸ್ಸಿಗೆ ಕಾದಷ್ಟು ಉದ್ದ ಅನ್ನಿಸುತ್ತದೆ.

ಮುದ್ರಣವನ್ನು ಅಂದೇ ಅಳಿಸಿಬಿಡುತ್ತೇನೆ; ಮಕ್ಕಳ ದನಿ ಅದರಲ್ಲಿರುತ್ತದೆ, ಬೇರೆಯವರ ಕೈಗೆ ಹೋಗಬಾರದು.

ಕ್ಲಸ್ಟರ್ ಸುತ್ತಾಟ

ಒಂದು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿಯಾಗಿ ಶಾಲೆಗಳನ್ನು ಸುತ್ತುವ ನಾನು ಈ ಕಾಲಂಗಳನ್ನು ಸಾವಿರದ ಲೆಕ್ಕದಲ್ಲಿ ಓದಿದ್ದೇನೆ. ಸಮಯದ ಕೊರತೆ ನಿಜ, ಆದರೆ ಸಮಯವಿದ್ದವರೂ ಅಲ್ಲಿ ನಿಜ ಬರೆಯುವುದಿಲ್ಲ. ಕಾರಣ ಭಯ.

ಒಂದು ಪ್ರಸಂಗ ಹೇಳುತ್ತೇನೆ. ಯುವ ಶಿಕ್ಷಕಿಯೊಬ್ಬರು ಆ ಕಾಲಂನಲ್ಲಿ 'ಇಂದಿನ ನನ್ನ ವಿವರಣೆ ಮಕ್ಕಳಿಗೆ ಅರ್ಥವಾಗಲಿಲ್ಲ. ನಾನು ಅವಸರ ಮಾಡಿದೆ' ಎಂದು ಬರೆದಿದ್ದರು. ಭೇಟಿಗೆ ಬಂದ ಅಧಿಕಾರಿಯೊಬ್ಬರು ಆ ಸಾಲಿನ ಕೆಳಗೆ ಗೆರೆ ಎಳೆದು, ಪಾಠ ಅರ್ಥವಾಗದಿರಲು ಕಾರಣವನ್ನು ಲಿಖಿತವಾಗಿ ಕೊಡುವಂತೆ ಸೂಚಿಸಿದರು. ಮರುದಿನದಿಂದ ಆ ಶಿಕ್ಷಕಿಯ ಎಲ್ಲ ಪಾಠಗಳೂ ಯಶಸ್ವಿಯಾದವು. ಆ ಕ್ಲಸ್ಟರಿನ ಉಳಿದ ಶಾಲೆಗಳ ಪಾಠಗಳೂ ಯಶಸ್ವಿಯಾದವು, ಏಕೆಂದರೆ ಸುದ್ದಿ ಹರಡಲು ಒಂದು ಮಧ್ಯಾಹ್ನ ಸಾಕಾಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕೆಂದು ಹೇಳುತ್ತದೆ. ಶಿಕ್ಷಕರಿಗೆ ವೃತ್ತಿ ಮಾನದಂಡಗಳನ್ನು ರೂಪಿಸಿ ಬಡ್ತಿಯನ್ನೂ ಅದಕ್ಕೆ ಜೋಡಿಸುವ ಮಾತೂ ಅದರಲ್ಲಿದೆ. ನನ್ನ ಆತಂಕ ಇಲ್ಲಿದೆ. ಸ್ವಾವಲೋಕನವನ್ನು ಅಂಕ, ಶ್ರೇಣಿ, ಬಡ್ತಿಗೆ ಕಟ್ಟಿದ ದಿನ ಅದು ಅರ್ಜಿಯಾಗುತ್ತದೆ, ಮತ್ತು ಅರ್ಜಿಯಲ್ಲಿ ಯಾರೂ ತಮ್ಮ ತಪ್ಪನ್ನು ಬರೆಯುವುದಿಲ್ಲ. ಕ್ಲಸ್ಟರಿನ ಶಿಕ್ಷಕರೆಲ್ಲ ಸೇರುವ ಸಮಾಲೋಚನ ಸಭೆಯಲ್ಲಿ ನಾನು ಈಗ ಒಂದು ಬದಲಾವಣೆ ಮಾಡಿದ್ದೇನೆ: ಸುತ್ತೋಲೆಗಳನ್ನು ಓದುವುದನ್ನು ಕೊನೆಗೆ ತಳ್ಳಿ, ಮೊದಲ ಮುಕ್ಕಾಲು ಗಂಟೆ ಯಾವುದಾದರೂ ಮಗುವಿನ ಒಂದೇ ಒಂದು ತಪ್ಪು ಉತ್ತರವನ್ನು ಹೆಸರಿಲ್ಲದೆ ಹಲಗೆಯ ಮೇಲೆ ಬರೆದು, 'ಈ ಮಗು ಹೀಗೇಕೆ ಯೋಚಿಸಿರಬಹುದು?' ಎಂದು ಮಾತ್ರ ಕೇಳುತ್ತೇನೆ. ಯಾವ ಶಾಲೆ, ಯಾವ ಶಿಕ್ಷಕರು ಎಂದು ಕೇಳುವ ಹಾಗಿಲ್ಲ. ಮೊದಲ ಎರಡು ಸಭೆಗಳಲ್ಲಿ ಮೌನ. ಮೂರನೆಯದರಲ್ಲಿ ಚಹಾ ಆರಿಹೋಗುವಷ್ಟು ಮಾತು.

ಸೀಮೆಸುಣ್ಣ ಅವರೇ, ನಿಮ್ಮ ಆ ಹನ್ನೊಂದು ಮಕ್ಕಳು ಯಾರು? ಹೆಸರು ಬೇಡ. ಮನೆಯ ಮಾತು ಕನ್ನಡವೇ?

ಹಳೇ ಹಾಜರಿ ಪುಸ್ತಕ

ಇದನ್ನು ಓದಿದ ಮೇಲೆ ನನ್ನ ಸಿಡುಕು ಸ್ವಲ್ಪ ಇಳಿಯಿತು, ಹಾಗಾಗಿ ಹಳೆಯದೊಂದನ್ನು ನೆನಪಿಸುತ್ತೇನೆ. ಚಿಕ್ಕ ತರಗತಿಗಳಿಗೆ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಬಂದದ್ದು ಇಂಥದ್ದೇ ಮಾತುಕತೆಯಿಂದ. 1990ರ ದಶಕದ ಮಧ್ಯಭಾಗದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಅಲ್ಲಿನದನ್ನು ಹಾಗೆಯೇ ನಕಲು ಮಾಡದೆ, ನಮ್ಮ ಮಕ್ಕಳಿಗೆ ಯಾವುದು ಎಲ್ಲಿ ತೊಡಕಾಗುತ್ತದೆ ಎಂದು ಕುಳಿತು ಚರ್ಚಿಸಿ ಕಾರ್ಡುಗಳನ್ನೂ ಕಲಿಕೆಯ ಮೆಟ್ಟಿಲುಗಳನ್ನೂ ಕಟ್ಟಿದರು. ಅ ಆ ಇ ಈ ಬಿಟ್ಟು 'ರ ಗ ಸ ದ ಅ' ಎಂದು ಶುರುವಾಗುವುದನ್ನು ನೋಡಿ ನಾವೆಲ್ಲ ನಕ್ಕಿದ್ದೆವು. ಮಗುವಿನ ಕೈಯಲ್ಲಿ ಬಳಪ ಕೊಟ್ಟು ನೋಡಿದರೆ ಗೊತ್ತಾಗುತ್ತದೆ, ಒಂದರ ಆಕಾರದಿಂದ ಇನ್ನೊಂದರ ಆಕಾರಕ್ಕೆ ಕೈ ತಾನಾಗಿ ಹೊರಳುತ್ತದೆ. ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ಮಗುವಿನ ಕೈಯನ್ನು ನೋಡಿದವರ ಕೆಲಸ ಅದು.

ಆಮೇಲೆ ಏನಾಯಿತು? 2009-10ರಿಂದ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು. ಒಳ್ಳೆಯದೇ. ಆದರೆ ಒಂದು ತಾಲ್ಲೂಕಿನ ಶಿಕ್ಷಕರ ಯೋಚನೆಯ ಫಲ ನಮಗೆ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬಂತು. ಅದರ ಹಿಂದಿನ 'ಏಕೆ' ಪೆಟ್ಟಿಗೆಯಲ್ಲಿ ಇರಲಿಲ್ಲ. ನಾವು ಮಕ್ಕಳ ಕಲಿಕೆಯನ್ನು ದಾಖಲಿಸುವ ಪ್ರಗತಿ ನೋಟದಲ್ಲಿ ಗುರುತು ಹಾಕುವುದನ್ನು ಕಲಿತೆವು. ಸಮಯ ಸಿಗದಿದ್ದುದೊಂದೇ ಸಮಸ್ಯೆ ಎಂದು ಮೇಲೆ ವಾದಿಸಿದ್ದೆ. ಅದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ: ಕೇಳುವವರೂ ಇರಲಿಲ್ಲ.

ಎರಡನೇ ವರ್ಷ ಬಿ.ಎಡ್.

ಹಿರಿಯರ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಮಗೆ ಈ ವರ್ಷ 16 ವಾರಗಳ ಶಾಲಾ ಇಂಟರ್ನ್‌ಶಿಪ್ ಇದೆ, ಪ್ರತಿದಿನ ಪ್ರತಿಫಲನ ದಿನಚರಿ ಬರೆಯಬೇಕು. ಹಿಂದಿನ ವರ್ಷದವರ ದಿನಚರಿಯನ್ನು ದಿನಾಂಕ ಬದಲಿಸಿ ಇಳಿಸಿಕೊಳ್ಳುವುದು ರೂಢಿ. ನಾನೂ ಮೊದಲ ವಾರ ಹಾಗೆಯೇ ಮಾಡಿದೆ. ಇದನ್ನೆಲ್ಲ ಓದಿದ ಮೇಲೆ ಹಾಗೆ ಮಾಡಲು ಮನಸ್ಸಿಲ್ಲ. ಆದರೆ ಖಾಲಿ ಪುಟದ ಮುಂದೆ ಕುಳಿತರೆ 'ತರಗತಿಯಲ್ಲಿ ಗಲಾಟೆ ಇತ್ತು' ಎನ್ನುವುದಕ್ಕಿಂತ ಮುಂದೆ ಪೆನ್ನು ಓಡುವುದಿಲ್ಲ. ಏನನ್ನು ಬರೆಯಬೇಕು?

ಅಡಿಟಿಪ್ಪಣಿ

ಇಡೀ ಪಾಠದ ಬಗ್ಗೆ ಬರೆಯಬೇಡಿ. ಒಂದು ಮಗು ಹೇಳಿದ ಅಥವಾ ಬರೆದ ಒಂದೇ ಒಂದು ವಿಷಯವನ್ನು, ಅದರ ಮಾತಿನಲ್ಲೇ, ತಿದ್ದದೆ ಬರೆಯಿರಿ. ಅದರ ಕೆಳಗೆ, ಆ ಮಗು ಹಾಗೇಕೆ ಹೇಳಿರಬಹುದೆಂಬ ನಿಮ್ಮ ಊಹೆ. ಆ ಊಹೆ ಸರಿಯೋ ತಪ್ಪೋ ತಿಳಿಯಲು ನಾಳೆ ನೀವು ಕೇಳಲಿರುವ ಒಂದು ಪ್ರಶ್ನೆ. ಐದು ಸಾಲು ಸಾಕು. ಮರುದಿನ ಆ ಪ್ರಶ್ನೆ ಕೇಳಿದ ಮೇಲೆ ಆರನೆಯ ಸಾಲು. ಹೆಚ್ಚಿನವರು ಆರನೆಯ ಸಾಲು ಬರೆಯುವುದಿಲ್ಲ, ನನ್ನ ವಿದ್ಯಾರ್ಥಿಗಳಲ್ಲೂ ಕಡಿಮೆ ಮಂದಿ ಬರೆದರು.

ಸೀಮೆಸುಣ್ಣ

ಎಲ್ಲರಿಗೂ ಉತ್ತರಿಸಲು ಮೂರು ವಾರ ತಡವಾಯಿತು, ನಡುವೆ ಒಂದಿಷ್ಟು ನಡೆಯಿತು.

ಮೊದಲು ಕ್ಲಸ್ಟರ್ ಸುತ್ತಾಟ ಅವರ ಪ್ರಶ್ನೆ. ಹನ್ನೊಂದರಲ್ಲಿ ನಾಲ್ವರ ಮನೆಮಾತು ಲಂಬಾಣಿ, ಇಬ್ಬರದು ಉರ್ದು, ಐವರದು ಕನ್ನಡವೇ. ಹಾಗಾಗಿ ಮನೆಮಾತೊಂದೇ ಕಾರಣ ಅನ್ನಲಾಗದು. ಆದರೆ ಆ ಲೆಕ್ಕವನ್ನು ನಾನು ಅದುವರೆಗೆ ಹಾಕಿಯೇ ಇರಲಿಲ್ಲ.

ಹೇಳುವ ಕ್ರಮದಲ್ಲೇ ಬರೆಯುವುದನ್ನು ಪ್ರಯೋಗಿಸಿ ನೋಡಿದೆ. 'ಮೂರನೇ' ಎನ್ನುವಾಗ ಮೊದಲು ಅಡ್ಡಗೆರೆ ಎಳೆದು ಅದರ ಕೆಳಗೆ 3. 'ಎರಡು' ಎನ್ನುವಾಗ ಮೇಲೆ 2. ಬಾಯಿ, ಕೈ ಎರಡೂ ಒಂದೇ ದಾರಿ. ಎರಡು ವಾರದ ನಂತರದ ಉಕ್ತಲೇಖನದಲ್ಲಿ ತಿರುವುಮುರುವು ಬರೆದವರು ಇಬ್ಬರೇ. ಖುಷಿಯಾಯಿತು, ಕಾಲಂನಲ್ಲಿ ಬರೆದೂ ಬರೆದೆ.

ಆಮೇಲೆ, ಅಡಿಟಿಪ್ಪಣಿಯವರ ಆರನೆಯ ಸಾಲಿಗೋಸ್ಕರ, ಕಾಗದದ ಪಟ್ಟಿಗಳನ್ನು ಕೊಟ್ಟು ಬಣ್ಣ ಹಚ್ಚಲು ಹೇಳಿದೆ. 'ಮೂರನೇ ಒಂದು' ಎಂದಾಗ ಒಬ್ಬ ಹುಡುಗ ಪಟ್ಟಿಯನ್ನು ಮೂರು ಸಮಭಾಗ ಮಾಡಿ, ಎಡದಿಂದ ಎಣಿಸಿ, ಕೊನೆಯ ತುಂಡಿಗೆ ಬಣ್ಣ ಹಚ್ಚಿದ. ಸರಿಯಾಗಿದೆ, ಸರಿ ಗುರುತು ಹಾಕಿದೆ. ಮುಂದಿನದು 'ನಾಲ್ಕನೇ ಮೂರು'. ಅವನು ನಾಲ್ಕು ಭಾಗ ಮಾಡಿ, ನಾಲ್ಕನೆಯ ತುಂಡೊಂದಕ್ಕೆ ಮಾತ್ರ ಬಣ್ಣ ಹಚ್ಚಿ, ಅದರೊಳಗೆ 3 ಎಂದು ಬರೆದ. 'ಯಾಕಪ್ಪಾ?' ಎಂದು ಕೇಳಿ, ಗುಡ್ಡದ ಶಾಲೆಯವರನ್ನು ನೆನೆಸಿಕೊಂಡು ಬಾಯಿ ಮುಚ್ಚಿ ನಿಂತೆ. ಸುಮಾರು ಹೊತ್ತಿನ ಮೇಲೆ ಅವನೆಂದ: 'ನಾಲ್ಕನೇ ಕ್ಲಾಸು ಅಂದ್ರೆ ನಾಲ್ಕನೇದು ಅಲ್ವಾ ಮಿಸ್? ಹಂಗೇ ಇದೂ ನಾಲ್ಕನೇದು.'

ಅವನ ಮೊದಲ ಉತ್ತರಕ್ಕೆ ಹಾಕಿದ್ದ ಸರಿ ಗುರುತನ್ನು ಮತ್ತೆ ನೋಡಿದೆ. ಎರಡು ವಾರದ ಉಕ್ತಲೇಖನದಲ್ಲಿ ಸರಿ ಬರೆದ ಇಪ್ಪತ್ತಾರು ಮಂದಿಯಲ್ಲಿ ಇವನೂ ಒಬ್ಬ. ಉಳಿದ ಇಪ್ಪತ್ತೈದು ಮಂದಿಗೂ ಸೋಮವಾರ ಪಟ್ಟಿ ಕೊಡಬೇಕು. 'ನಾಲ್ಕರಲ್ಲಿ ಮೂರು' ಎಂದು ಹೇಳಿದರೆ ಏನಾಗುತ್ತದೆಂದೂ ನೋಡಬೇಕು. ಕಾಗದ ಕತ್ತರಿಸುತ್ತಿದ್ದೇನೆ.